ಒಂದು ಎಣ್ಣೆ, ಬೆರಕೆ ಎಣ್ಣೆ

ಆ ನಮೂನೆಯ ಏಳನೆಯ ಅಂಕಣದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. 'ಬಳಸಿದ ಔಷಧಿಯ ಹೆಸರು' ಎಂದು ಅಚ್ಚಾಗಿತ್ತು. ಅದರ ಕೆಳಗೆ ಎರಡು ಬೆರಳು ಅಗಲದ ಖಾಲಿ ಜಾಗ. ಹೆಸರು, ಹೆಸರುಗಳಲ್ಲ. ಒಬ್ಬ ಮನುಷ್ಯ ಒಂದೇ ಔಷಧಿ ಹೊಡೆಯುತ್ತಾನೆ ಎಂದು ಆ ನಮೂನೆ ಮಾಡಿದವರಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ. ಗಂಗಾವತಿಯ ಯಾವುದಾದರೂ ಗದ್ದೆಯ ಬದುವಿನ ಮೇಲೆ ಅರ್ಧ ಗಂಟೆ ನಿಂತಿದ್ದರೂ ಅವರಿಗೆ ತಿಳಿಯುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯ ಒಂದು ತಾಲೂಕು. ಅಲ್ಲಿಯ ಒಂದು ಸಣ್ಣ ಕಚೇರಿಯಲ್ಲಿ ನಾನು ಅಂಕಿಸಂಖ್ಯೆಯ ಸಹಾಯಕಿ. ಯಲಬುರ್ಗಾ ಕಡೆಯ ಒಕ್ಕಲುತನದ ಮನೆಯ ಹುಡುಗಿ, ಗಣಿತ ಓದಿ ಸರ್ಕಾರಿ ಕುರ್ಚಿಯ ಮೇಲೆ ಕೂತಿದ್ದೇನೆ ಎಂಬ ಜಂಬ ಬೇರೆ. ಓದಿದ್ದೆಲ್ಲ ಇನ್ನೂ ತಲೆಯಲ್ಲಿ ಬಿಸಿಯಾಗಿಯೇ ಇತ್ತು. ಮೇಲಿನವರು ತಪ್ಪು ಮಾಡಿದರೆ ತಿದ್ದುವುದು ನನ್ನ ಕರ್ತವ್ಯ ಎಂದು ನಾನು ನಂಬಿದ್ದೆ. ಮೇಲಿನವರು ಹಾಗೆ ನಂಬಿರಲಿಲ್ಲ.

ನಮ್ಮ ಕಡೆ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆಲ್ಲ ಎಣ್ಣೆ ಎಂದೇ ಹೆಸರು. ತುಂಗಭದ್ರೆಯ ಕಾಲುವೆ ಬಂದ ಮೇಲೆ ಗಂಗಾವತಿ ಕಡೆ ವರ್ಷಕ್ಕೆ ಎರಡು ಬೆಳೆ ಭತ್ತ, ಭತ್ತಕ್ಕೆ ಹುಳ, ಹುಳಕ್ಕೆ ಎಣ್ಣೆ. ಎಣ್ಣೆ ಸಿಂಪಡಿಸುವ ಪಂಪನ್ನು ಬೆನ್ನ ಮೇಲೆ ಹೊರುವವರು ಮಾತ್ರ ಹೆಚ್ಚಾಗಿ ಅಲ್ಲಿಯವರಲ್ಲ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ಹಳ್ಳಿಗಳಲ್ಲಿ ತಮ್ಮ ಕೆಲಸ ಮುಗಿಸಿ ಗಂಡ ಹೆಂಡತಿ ಜೋಡಿಯಾಗಿ ಬಂದು, ಕಾಲುವೆಯ ದಂಡೆಯ ಕ್ಯಾಂಪುಗಳಲ್ಲಿ ಗುಡಿಸಲು ಹಾಕುತ್ತಿದ್ದರು. ಅವರಲ್ಲಿ ಕೆಲವರಿಗೆ ತಲೆ ತಿರುಗುವುದು, ಕಣ್ಣು ಮಂಜಾಗುವುದು, ಬಾಯಲ್ಲಿ ನೀರು ಸುರಿಯುವುದು ಶುರುವಾಯಿತು. ವರದಿ ಮೇಲೆ ಹೋಯಿತು, ಅವರ ರಕ್ತ ಪರೀಕ್ಷಿಸಿ ಸಮೀಕ್ಷೆ ಮಾಡಿ ಎಂಬ ಆದೇಶ ಕೆಳಗೆ ಬಂತು.

ತಿಳಿಯಬೇಕಾದದ್ದು ಒಂದೇ ಮಾತು. ಎರಡು ಮೂರು ಎಣ್ಣೆ ಬೆರೆಸಿ ಹೊಡೆಯುವವನಿಗೆ, ಒಂದೇ ಎಣ್ಣೆ ಹೊಡೆಯುವವನಿಗಿಂತ ಹೆಚ್ಚು ಕೆಡುಕಾಗುತ್ತದೆಯೋ ಇಲ್ಲವೋ. ಆಗುತ್ತದೆ ಎಂದು ಲೆಕ್ಕ ಹೇಳಿದರೆ, ಬೆರೆಸಬೇಡಿ ಎಂದು ಕರಪತ್ರ ಹೊರಡುತ್ತದೆ, ಎಣ್ಣೆ ಮಾರುವ ಅಂಗಡಿಗಳಿಗೂ ತಾಕೀತು ಹೋಗುತ್ತದೆ. ಪಂಪು ಹೊರುವವರ ಮೈಗೆ ಸಂಬಂಧಿಸಿದ ಅಷ್ಟು ದೊಡ್ಡ ಮಾತು ನನ್ನ ಒಂದು ಪಟ್ಟಿಯ ಮೇಲೆ ನಿಂತಿತ್ತು. ಆ ಪಟ್ಟಿಗೆ ಈ ಏಳನೆಯ ಅಂಕಣ.

ನಮ್ಮ ಸಾಹೇಬರು ಮೈಸೂರು ಕಡೆಯವರು, ಕೆಟ್ಟವರಲ್ಲ, ಅವಸರದವರು. ಅವರ ಜೊತೆ ಹದಿನೈದು ದಿನ ಜಗಳವಾಡಿದೆ.

"ಅಮ್ಮಾ, ರಕ್ತ ಕೆಟ್ಟರೆ ಅದಕ್ಕೊಂದು ಕಾರಣ ತೋರಿಸಬೇಕು. ನೀವು ಮೂರು ಹೆಸರು ಬರೆದರೆ ನಾನು ಯಾವುದನ್ನು ದೂರಲಿ?" ಎಂದರು.

"ಮೂರೂ ಕೂಡಿ ಕೆಡಿಸಿದ್ದರೆ ಮೂರನ್ನೂ ದೂರಬೇಕಾಗುತ್ತದೆ ಸರ್."

"ಹಾಗೆ ದೂರುವುದಕ್ಕೆ ಅಂಕಣ ಎಲ್ಲಿದೆ?"

ಅಂಕಣ ಇಲ್ಲದಿದ್ದರೆ ನಾನೇ ಮಾಡುತ್ತೇನೆ ಎಂದು ಹೊರಟೆ. ಕೊಪ್ಪಳದ ಬಜಾರದಲ್ಲಿ ಒಂದು ರಬ್ಬರಿನ ಠಸ್ಸೆ ಮಾಡಿಸಿದೆ. 'ಒಂದು / ಬೆರಕೆ' ಎಂದು ಬರೆಸಿ, ಪ್ರತಿ ನಮೂನೆಯ ಏಳನೆಯ ಅಂಕಣದ ಮೇಲೆ ನಾನೇ ಕೂತು ಒತ್ತಿದೆ. ಎರಡರಲ್ಲಿ ಒಂದಕ್ಕೆ ಗುರುತು ಹಾಕಿದರೆ ಸಾಕು. ಸಾಹೇಬರು ಮೂಗು ಮುರಿದು ಒಪ್ಪಿದರು. ಸರ್ಕಾರದ ನಮೂನೆಯನ್ನು ಬಗ್ಗಿಸಿದೆ ಎಂದು ನಾನು ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ.

ರಕ್ತ ನೋಡುವ ಕೆಲಸಕ್ಕೆ ನಮ್ಮ ಜೊತೆ ಲ್ಯಾಬಿನವರು ಒಬ್ಬರು ಬರುತ್ತಿದ್ದರು, ನನಗಿಂತ ಮೂವತ್ತು ವರ್ಷ ಹಿರಿಯರು. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಹಸಿರು ಬಣ್ಣದ ನೀರಿಗೆ ಬಿಡುವುದು. ರಕ್ತದ ಸತ್ವ ಪೂರ್ತಿ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಹಸಿರು ಹಳದಿಗೆ ತಿರುಗುತ್ತದೆ. ಎಣ್ಣೆಯ ವಿಷ ಹೊಕ್ಕಿದ್ದರೆ ಹಸಿರು ಹಸಿರಾಗಿಯೇ ಉಳಿಯುತ್ತದೆ. ಒಂದು ತಟ್ಟೆಯಲ್ಲಿ ಬಣ್ಣಬಣ್ಣದ ಗಾಜುಗಳಿರುತ್ತವೆ: ಪೂರ್ತಿ, ಮುಕ್ಕಾಲು, ಅರ್ಧ, ಅದರ ಕೆಳಗಿನವು. ತಟ್ಟೆ ತಿರುಗಿಸುತ್ತ ಯಾವ ಗಾಜಿಗೆ ಬಣ್ಣ ಹೊಂದುತ್ತದೋ ಅಷ್ಟು ಸತ್ವ ಉಳಿದಿದೆ ಎಂದು ಲೆಕ್ಕ.

ನಾವು ಮೊದಲು ಹೋದ ಕ್ಯಾಂಪಿನಲ್ಲಿ ಕುಷ್ಟಗಿ ಕಡೆಯ ಒಬ್ಬನಿದ್ದ. ಮೂವತ್ತರ ಆಸುಪಾಸಿನ ಗಟ್ಟಿ ಆಳು. ಎಣ್ಣೆ ಅಳೆಯುವುದರಲ್ಲಿ ಅವನ ಕೈ ಆ ದಂಡೆಯಲ್ಲೆಲ್ಲ ಹೆಸರುವಾಸಿ. ಬಾಟಲಿಯಿಂದ ಮುಚ್ಚಳಕ್ಕೆ ಸುರಿದರೆ ಅಂಚಿನವರೆಗೂ ತುಂಬುತ್ತಿತ್ತು, ಒಂದು ಹನಿ ಹೊರಗೆ ಬೀಳುತ್ತಿರಲಿಲ್ಲ. ಅವನ ಹೆಂಡತಿ ಕಾಲುವೆಯಿಂದ ಕೊಡದಲ್ಲಿ ನೀರು ತಂದು ಡ್ರಮ್ಮಿಗೆ ಹಾಕಿ ಕಲಕುತ್ತಿದ್ದಳು. ಕೋಲು ಸಿಕ್ಕರೆ ಕೋಲಿನಿಂದ, ಸಿಗದಿದ್ದರೆ ಮೊಣಕೈವರೆಗೆ ಕೈ ಅದ್ದಿ. ಅವಳು ಕೊಡ ಹೊತ್ತು ಬಂದಾಗಲೆಲ್ಲ ನಾನು ನನ್ನ ಕಾಗದಗಳು ನೆನೆಯದಂತೆ ಎದೆಗೆ ಅವುಚಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದೆ.

ಅವನು ಬೆರಳು ಚುಚ್ಚಿಸಿಕೊಂಡು ಕೇಳಿದ: "ಇದರಾಗ ಏನ್ ಕಾಣತೈತ್ರಿ ಅಕ್ಕಾರ?"

"ನರಕ್ಕ ಬೇಕಾದ ಒಂದು ಸತ್ವ ರಕ್ತದಾಗ ಇರತೈತಿ. ಅದು ನೂರಕ್ಕ ನೂರು ಇರಬೇಕು. ಎಣ್ಣಿ ಮೈಯಾಗ ಹೊಕ್ಕಂಗ ಅದು ಕಡಿಮಿ ಆಗತೈತಿ," ಎಂದೆ.

"ಹಂಗಾರ ನನ್ನ ನೂರರಾಗ ಎಷ್ಟ ಉಳದೈತಿ ನೋಡ್ರಿ."

ಲ್ಯಾಬಿನವರು ತಟ್ಟೆ ತಿರುಗಿಸಿದರು. "ಪೂರಾ ಐತಿ. ಗುಂಡಕಲ್ಲ ಇದ್ದಂಗ ಅದಿ," ಎಂದರು. ಎಣ್ಣೆಯ ದಿನಗಳು ಇನ್ನೂ ಶುರುವಾಗಿರಲಿಲ್ಲ. ಅವನು ಖುಷಿಯಿಂದ ಹೆಂಡತಿಯ ಕಡೆ ನೋಡಿದ. ಅವಳು ಡ್ರಮ್ಮು ತೊಳೆಯುತ್ತಿದ್ದಳು.

ಎಣ್ಣೆ ಹೊಡೆಯುವ ದಿನಗಳು ಮುಗಿಯುವ ಹೊತ್ತಿಗೆ ಮತ್ತೆ ಹೋಗಿ ಎಲ್ಲರ ರಕ್ತ ಇನ್ನೊಮ್ಮೆ ನೋಡಿದೆವು. ಈಗ ಏಳನೆಯ ಅಂಕಣ ತುಂಬಬೇಕು. ಗದ್ದೆಯ ಮಾಲಕರು ಬದುವಿನ ಮೇಲೆ ನಿಂತಿದ್ದರು, ಆ ಕುಷ್ಟಗಿಯವನು ಪಂಪು ಇಳಿಸಿ ಅವರ ಹಿಂದೆ ನಿಂತಿದ್ದ. ನಾನು ಮಾಲಕರನ್ನು ಕೇಳಿದೆ. ಅದು ನಮ್ಮ ಕಡೆಯ ರೀತಿ. ಒಬ್ಬರ ಹೊಲದಲ್ಲಿ ನಿಂತು, ಅವರನ್ನು ದಾಟಿ ಅವರ ಆಳನ್ನು ಮಾತಾಡಿಸಿದರೆ ಅದು ಅವಮಾನ. ನಮ್ಮ ಮನೆಯಲ್ಲೂ ಹೊರಗಿನವರು ಬಂದು ಆಳನ್ನು ಏನಾದರೂ ಕೇಳಿದರೆ ಅಪ್ಪನ ಮುಖ ಬಿಗಿಯುತ್ತಿತ್ತು. ನಾನು ಆ ರೀತಿಯನ್ನು ಯೋಚಿಸಿ ಪಾಲಿಸಲಿಲ್ಲ. ಅದು ನನ್ನ ಮೈಯಲ್ಲೇ ಇತ್ತು.

"ನಂದು ಒಂದ ಎಣ್ಣಿ ನೋಡ್ರಿ ಬಾಯಾರ. ಬೆರಸೋ ಹವ್ಯಾಸ ನಮಗಿಲ್ಲ," ಎಂದರು ಮಾಲಕರು.

ಶಾಸ್ತ್ರಕ್ಕೆ ಇವನನ್ನೂ ಕೇಳಿದೆ. "ಹೌದ್ರಿ," ಎಂದ, ನೆಲ ನೋಡುತ್ತ.

ನಾನು 'ಒಂದು' ಎಂಬುದಕ್ಕೆ ಗುರುತು ಹಾಕಿದೆ. ಹೀಗೆಯೇ ಕ್ಯಾಂಪಿನಿಂದ ಕ್ಯಾಂಪಿಗೆ ನಡೆಯಿತು. ಅಳವಂಡಿ ಕಡೆಯ ಹತ್ತಿ ಹೊಲಗಳಿಗೂ ಹೋದೆವು. ಎಲ್ಲ ಕಡೆ ಮಾಲಕರು ಮುಂದೆ, ಪಂಪಿನವರು ಹಿಂದೆ, ನೀರು ತರುವ ಹೆಂಗಸರು ಅವರ ಹಿಂದೆ. ಕೆಲವರು ಬೆರಕೆ ಎಂದರು, ಕೆಲವರು ಒಂದು ಎಂದರು, ನಾನು ಗುರುತು ಹಾಕುತ್ತ ಹೋದೆ.

ಆಮೇಲೆ ಲೆಕ್ಕ. ಕಚೇರಿಯಲ್ಲಿ ಹಿಡಿಕೆ ತಿರುಗಿಸುವ ಒಂದು ಹಳೆಯ ಲೆಕ್ಕದ ಯಂತ್ರವಿತ್ತು. ತಿರುಗಿಸಿದಾಗಲೆಲ್ಲ ಗಿರಣಿಯಂತೆ ಸದ್ದು ಮಾಡುತ್ತಿತ್ತು, ಪಕ್ಕದ ಕೋಣೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಸಾಹೇಬರಿಗೆ ಒಂದು ನೇರ ಗೆರೆ ಬೇಕಾಗಿತ್ತು: ಎಣ್ಣೆ ಹೊಡೆದ ದಿನ ಹೆಚ್ಚಿದಂತೆ ಸತ್ವ ಇಳಿಯುವ ಗೆರೆ. ಫುಟ್‌ಪಟ್ಟಿ ಇಟ್ಟು ತಾವೇ ಎಳೆದರು. ಗೆರೆ ಕಾಗದದ ತುದಿಗೆ ಬರುವ ಹೊತ್ತಿಗೆ ಸೊನ್ನೆಗಿಂತ ಕೆಳಗೆ ಹೋಗಿತ್ತು.

"ಸರ್, ಇದರ ಪ್ರಕಾರ ಈ ಮನುಷ್ಯನಲ್ಲಿ ಏನೂ ಇಲ್ಲದ್ದಕ್ಕಿಂತ ಕಡಿಮೆ ಇದೆ," ಎಂದೆ.

"ಅಷ್ಟು ದಿನ ಯಾರೂ ಹೊಡೆಯುವುದಿಲ್ಲ ಬಿಡಿ," ಎಂದರು.

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ನೂರರ ಪಾಲಿನ ಲೆಕ್ಕಕ್ಕೆ ಎರಡು ತುದಿಯಲ್ಲೂ ಗೋಡೆ ಇದೆ. ನೂರಕ್ಕಿಂತ ಮೇಲೆ ಹೋಗುವುದಿಲ್ಲ, ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಗೋಡೆಯ ಹತ್ತಿರ ಬಂದಂತೆ ಗೆರೆ ಬಾಗಲೇಬೇಕು. ಬೆರಕೆಯ ಲೆಕ್ಕವೂ ಬರೀ ಕೂಡಿಸುವುದಲ್ಲ. ಒಂದು ಎಣ್ಣೆ ಮುಕ್ಕಾಲು ಉಳಿಸುತ್ತದೆ, ಇನ್ನೊಂದೂ ಮುಕ್ಕಾಲು ಉಳಿಸುತ್ತದೆ ಎನ್ನೋಣ. ಎರಡೂ ತಮ್ಮ ತಮ್ಮ ಪಾಡಿಗೆ ಕೆಲಸ ಮಾಡಿದರೆ ಉಳಿಯುವುದು ಮುಕ್ಕಾಲರಲ್ಲಿ ಮುಕ್ಕಾಲು, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು. ಅದಕ್ಕಿಂತ ಕೆಳಗೆ ಬಿದ್ದಿದ್ದರೆ ಅವೆರಡೂ ಕೈ ಜೋಡಿಸಿವೆ ಎಂದು ಅರ್ಥ. ಇದನ್ನು ಸಾಹೇಬರಿಗೆ ನಾಲ್ಕು ಸಲ ಹೇಳಿದೆ. ಐದನೆಯ ಸಲ ಅವರು, "ನಿಮಗೆ ಸರಿ ಕಂಡಂತೆ ಮಾಡಿ, ತಿಂಗಳ ಕೊನೆಗೆ ಕೊಡಿ," ಎಂದು ಎದ್ದು ಹೋದರು.

ಸರಿ ಕಂಡಂತೆಯೇ ಮಾಡಿದೆ. ಗೋಡೆಗಳಿಗೆ ತಕ್ಕಂತೆ ಗೆರೆ ಬಾಗಿಸಿದೆ. ಉತ್ತರ ಬಂತು: ಒಂದು ಎಣ್ಣೆಯವರಿಗೂ ಬೆರಕೆಯವರಿಗೂ ವ್ಯತ್ಯಾಸವೇ ಇಲ್ಲ. ಇಬ್ಬರೂ ಒಂದೇ ಸಮ ಇಳಿದಿದ್ದರು. ಮತ್ತೆ ಮಾಡಿದೆ, ಮೂರನೆಯ ಸಲವೂ ಮಾಡಿದೆ, ಹಿಡಿಕೆ ತಿರುಗಿಸಿ ತಿರುಗಿಸಿ ಅಂಗೈಯಲ್ಲಿ ಬೊಬ್ಬೆ ಬಂತು. ಉತ್ತರ ಕದಲಲಿಲ್ಲ. ನನಗೆ ಬೇಕಾದ ಉತ್ತರ ಬರಲಿಲ್ಲ ಎಂದು ಲೆಕ್ಕ ತಿರುಚುವವಳು ನಾನಲ್ಲ ಎಂಬ ಹೆಮ್ಮೆಯಿಂದ ಸಹಿ ಹಾಕಿ ಕೊಟ್ಟೆ. ಒಂದೇ ಎಣ್ಣೆ ಹೊಡೆದವರು ಬೆರಕೆಯವರಷ್ಟೇ ಕೆಳಗೆ ಯಾಕೆ ಬಿದ್ದರು ಎಂದು ಆಗ ಕೇಳಿಕೊಳ್ಳಬೇಕಿತ್ತು. ಒಂದೇ ಅಷ್ಟು ಜೋರಾಗಿರಬೇಕು ಎಂದುಕೊಂಡು ಸುಮ್ಮನಾದೆ. ಬುದ್ಧಿಗೇಡಿ ಎಂದು ಈಗ ನನ್ನನ್ನೇ ಬೈದುಕೊಂಡು ಏನು ಮಾಡುವುದು.

ಸಾಹೇಬರಿಗೆ ಖುಷಿಯೋ ಖುಷಿ. ಯಾರಿಗೂ ತಾಕೀತು ಮಾಡಬೇಕಾಗಿಲ್ಲ. ಹಳದಿ ಕಾಗದದ ಮೇಲೆ ಕರಪತ್ರ ಅಚ್ಚಾಯಿತು. 'ಔಷಧಿಗಳನ್ನು ಬೆರೆಸಿ ಸಿಂಪಡಿಸುವುದರಿಂದ ಹೆಚ್ಚಿನ ಅಪಾಯ ಕಂಡುಬಂದಿಲ್ಲ' ಎಂದು ದಪ್ಪ ಅಕ್ಷರ. 'ಆದರೂ ಎಚ್ಚರ ವಹಿಸುವುದು' ಎಂದು ನಾನು ಹಟ ಹಿಡಿದು ಸೇರಿಸಿದ ಸಾಲು ಕೆಳಗೆ, ಸಣ್ಣ ಅಕ್ಷರದಲ್ಲಿ.

ಮುಂದಿನ ವರ್ಷ ಅದನ್ನು ಹಂಚುವುದಕ್ಕೆ ನಾನೇ ಹೋದೆ. ಅದೇ ಕ್ಯಾಂಪಿನಲ್ಲಿ ಬೇವಿನ ಗಿಡದ ಕೆಳಗೆ ಮಂದಿ ಕೂಡಿದರು. ಜೋರಾಗಿ ಓದಿದೆ. ಮಾಲಕರು ತಲೆಯಾಡಿಸಿದರು. ಆ ಕುಷ್ಟಗಿಯವನು ಒಂದು ಪ್ರತಿ ಇಸಿದುಕೊಂಡು ಮಡಚಿ ಎದೆಯ ಕಿಸೆಯಲ್ಲಿ ಇಟ್ಟುಕೊಂಡ. ಅವನಿಗೆ ಓದಲು ಬರುತ್ತಿರಲಿಲ್ಲ, ಆದರೆ ತನ್ನ ಬೆರಳಿನ ರಕ್ತದಿಂದ ಆದ ಕಾಗದ ಎಂದು ಅದರ ಮೇಲೆ ಪ್ರೀತಿ.

ಮಂದಿ ಚದುರಿದ ಮೇಲೆ ಜೀಪು ಬರುವವರೆಗೆ ಕಾಲುವೆಯ ಕಲ್ಲಿನ ಮೇಲೆ ಕೂತಿದ್ದೆ. ಅವನು ಒಂದು ಗದ್ದೆ ಮುಗಿಸಿ, ಪಂಪು ಹೊತ್ತುಕೊಂಡೇ ಪಕ್ಕದ ಮಾಲಕರ ಗದ್ದೆಗೆ ಬಂದ. ಅಲ್ಲಿ ಹೆಂಡತಿ ಹೊಸ ಡ್ರಮ್ಮಿನಲ್ಲಿ ಬೇರೆ ಎಣ್ಣೆ ಕಲಕುತ್ತಿದ್ದಳು. ಅವನು ಪಂಪಿನ ತಳದಲ್ಲಿ ಉಳಿದದ್ದನ್ನು ಆ ಡ್ರಮ್ಮಿಗೆ ಸುರಿದ, ಪಂಪು ಅಲ್ಲಾಡಿಸಿ ಕೊನೆಯ ಹನಿಯನ್ನೂ ಬಿಟ್ಟ. ನಾನು ಕೂತಲ್ಲಿಂದ ಎದ್ದು ಹೋದೆ.

"ಇದೇನಿದು? ಆ ಗದ್ದಿದು ಈ ಡ್ರಮ್ಮಿಗೆ ಯಾಕ ಹಾಕಿದ್ರಿ?"

"ಉಳದಿತ್ತಲ್ರಿ ಅಕ್ಕಾರ. ಕಾಲುವಿಗೆ ಚೆಲ್ಲಿದ್ರ ಮುಂದಿನ ಊರಿನ ಮಂದಿ ಕುಡಿತಾರ. ಬದುವಿಗೆ ಚೆಲ್ಲಿದ್ರ ಎಮ್ಮಿ ಮೇಯತಾವು. ಎಲ್ಲಿ ಚೆಲ್ಲೂದ್ರಿ? ಮುಂದಿನ ಡ್ರಮ್ಮಿಗೆ ಹಾಕೂದೇ."

"ಯಾವಾಗಿಂದ ಹಿಂಗ?"

"ಪಂಪ ಹೆಗಲಿಗೆ ಏರಿದಾಗಿಂದ್ರಿ. ಎಲ್ಲಾರೂ ಹಿಂಗ ಮಾಡ್ತಾರ."

"ಹೋದ ವರ್ಸ ಕೇಳಿದಾಗ ಒಂದ ಎಣ್ಣಿ ಅಂದ್ರೆಲ್ಲ?"

ಅವನಿಗೆ ನನ್ನ ಸಿಟ್ಟು ಅರ್ಥವಾಗಲಿಲ್ಲ. "ಮಾಲಕ್ರು ಕೊಟ್ಟದ್ದು ಒಂದೇ ಅಲ್ರಿ. ಅವರು ಒಂದ ಅಂದ ಮ್ಯಾಲ ಅವರ ಮುಂದ ನಾ ಹೆಂಗ ಎರಡ ಅನ್ಲಿ?"

ನಾನು ಬದುವಿನ ಮೇಲೆ ಹಾಗೇ ಕುಳಿತೆ. ಒಂದೇ ಎಣ್ಣೆ ಹೊಡೆದವನು ಎಂಬ ಮನುಷ್ಯ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಎಲ್ಲರ ಪಂಪಿನಲ್ಲೂ ನಿನ್ನೆಯ ಗದ್ದೆ, ಮೊನ್ನೆಯ ಗದ್ದೆ ಸೇರಿತ್ತು. ನಾನು ಬೆರಕೆಯನ್ನು ಬೆರಕೆಯ ಜೊತೆ ತೂಗಿ, ಎರಡೂ ಸಮ ಎಂದು ಸಾರಿದ್ದೆ. ಗೆರೆ ಬಾಗಿಸುವುದಕ್ಕೆ ಅಷ್ಟು ಜಗಳ ಮಾಡಿದವಳು, ಗುರುತು ಹಾಕುವಾಗ ಅಪ್ಪನ ಮನೆಯ ಮರ್ಯಾದೆಯನ್ನು ಪಾಲಿಸಿದ್ದೆ. ಕುಡಿಯುವ ನೀರು ಕೆಡಬಾರದು ಎಂದು ಒಳ್ಳೆಯತನದಿಂದ ಮಾಡಿದ್ದನ್ನು ತಪ್ಪು ಎಂದು ಅವನಿಗೆ ಯಾವ ಬಾಯಿಂದ ಹೇಳುವುದು?

ಕೊಪ್ಪಳಕ್ಕೆ ಬಂದು ಸಾಹೇಬರ ಮುಂದೆ ನಿಂತೆ. ಎಲ್ಲ ಕೇಳಿಸಿಕೊಂಡು, "ಹಾಗಾದರೆ ನೀವು ಸಹಿ ಮಾಡಿ ಕೊಟ್ಟ ಪಟ್ಟಿ ತಪ್ಪೇ?" ಎಂದರು.

"ತಪ್ಪು ಸರ್. ಕರಪತ್ರ ಹಿಂದಕ್ಕೆ ತರಿಸಬೇಕು."

"ಹಂಚಿದ್ದನ್ನು ಹಿಂದಕ್ಕೆ ತರಿಸುವುದಕ್ಕೆ ಅದೇನು ಪುಸ್ತಕವೇ? ಬರೆದು ಕೊಡಿ, ಮೇಲೆ ಕಳಿಸೋಣ."

ಬರೆದು ಕೊಟ್ಟೆ. ತಪ್ಪು ನನ್ನದು ಎಂದೂ ಬರೆದೆ. ಉತ್ತರವಿಲ್ಲ. ಇನ್ನೊಮ್ಮೆ ಬರೆದೆ. ಮೂರನೆಯದಕ್ಕೆ ಕಡತ ವಾಪಸು ಬಂತು, ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಒಂದು ಸಾಲು: 'ಮುಂದಿನ ಸಮೀಕ್ಷೆಯ ಕಾಲಕ್ಕೆ ಪರಿಶೀಲಿಸುವುದು.' ಮುಂದಿನ ಸಮೀಕ್ಷೆ ಯಾವಾಗ ಎಂದು ಕೇಳಿದರೆ ಎಲ್ಲರೂ ನನ್ನನ್ನೇ ನೋಡಿದರು. ಅಂಥದ್ದೊಂದು ಇರಲಿಲ್ಲ. ಆ ಹಸಿರು ಶಾಯಿ ನೋಡಿದಾಗ ನನಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಏನನ್ನಾದರೂ ಒಡೆಯಬೇಕು ಎನಿಸಿತು.

ಒಡೆಯುವ ಬದಲು ಲ್ಯಾಬಿನವರ ಮನೆಗೆ ಹೋದೆ. ಒಂದು ಭಾನುವಾರ ಅವರು ರಕ್ತ ನೋಡುವ ಸರ್ಕಾರಿ ಪೆಟ್ಟಿಗೆಯನ್ನು ಯಾರಿಗೂ ಹೇಳದೆ ಕೈಚೀಲದಲ್ಲಿ ಹಾಕಿಕೊಂಡರು, ಇಬ್ಬರೂ ಗಂಗಾವತಿಯ ಬಸ್ಸು ಹತ್ತಿದೆವು. "ನಿವೃತ್ತಿ ಸನೇಕ ಬಂದಾಗ ನನ್ನನ್ನ ಕಳ್ಳನ್ನ ಮಾಡಿದಿ ನೀ," ಎಂದು ದಾರಿಯುದ್ದಕ್ಕೂ ಗೊಣಗಿದರು, ಆದರೆ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಕ್ಯಾಂಪಿನಲ್ಲಿ ಅವನು ಎಣ್ಣೆ ಅಳೆಯುತ್ತಿದ್ದ. ಮುಂದೆ ಮೂರು ಬಾಟಲಿಗಳು. ಮುಚ್ಚಳಕ್ಕೆ ಸುರಿಯುವಾಗ ಬೆರಳುಗಳು ನಡುಗಿ ಎಣ್ಣೆ ಅಂಗೈಗೆ ಹರಿಯಿತು. ಅವನು ಅದನ್ನು ಲುಂಗಿಗೆ ಒರೆಸಿಕೊಂಡು ನಮ್ಮನ್ನು ನೋಡಿ ನಕ್ಕ.

ಬೆರಳು ಚುಚ್ಚಿದೆವು. ತಟ್ಟೆ ಪೂರ್ತಿಯನ್ನು ದಾಟಿತು, ಮುಕ್ಕಾಲನ್ನು ದಾಟಿತು, ಅರ್ಧದ ಗಾಜಿನ ಮೇಲೆ ನಿಂತಿತು.

"ಅರ್ಧ ಉಳದೈತಿ," ಎಂದೆ. "ಈ ಸಲ ಪಂಪ ಇಳಸ್ರಿ. ಇನ್ನ ಮ್ಯಾಲ ಬೆರಸಬ್ಯಾಡ್ರಿ, ಮೂರಂತೂ ಬ್ಯಾಡೇ ಬ್ಯಾಡ."

ಅವನು ಎದೆಯ ಕಿಸೆಯಿಂದ ಹಳದಿ ಕಾಗದ ತೆಗೆದ. ಬೆವರಿಗೆ ಮೆತ್ತಗಾಗಿ ಮಡಿಕೆಗಳಲ್ಲಿ ಹರಿದಿತ್ತು. "ಬೆರಸಿದ್ರ ಏನೂ ಇಲ್ಲಂತ ನೀವೇ ಓದಿದ್ರೆಲ್ರಿ. ಇದನ್ನ ತೋರ್ಸೇ ಮಾಲಕ್ರು ಮೂರ್ಮೂರ ಬಾಟ್ಲಿ ಕೊಡ್ತಾರ."

"ಅದು ತಪ್ಪೈತಿ. ನಾನೇ ಬರದೀನಿ, ನಾನೇ ಹೇಳಾಕತ್ತೀನಿ, ತಪ್ಪೈತಿ."

"ಇರಲಿ ಬಿಡ್ರಿ ಅಕ್ಕಾರ," ಎಂದ, ನನ್ನನ್ನು ಸಮಾಧಾನ ಮಾಡುವವನಂತೆ. "ಅಚ್ಚಾಗೈತಲ್ರಿ. ಅಚ್ಚಾದದ್ದು ಹೆಂಗ ತಪ್ಪ ಆಗತೈತ್ರಿ?"

ಅಷ್ಟರಲ್ಲಿ ಅವನ ಹೆಂಡತಿ ಕೊಡ ಹೊತ್ತು ಬಂದಳು. ಅಭ್ಯಾಸದಿಂದ ನಾನು ಪಕ್ಕಕ್ಕೆ ಸರಿದೆ. ಅವಳು ಡ್ರಮ್ಮಿನ ಕಡೆ ಹೋಗಲಿಲ್ಲ. ಕೊಡ ಇಳಿಸಿ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದಳು.

"ಅಕ್ಕಾರ, ನಂದೂ ಒಮ್ಮಿ ನೋಡ್ರಿ."

ಆ ಕೈಯನ್ನು ಆಗ ನೋಡಿದೆ. ಬೆರಳ ತುದಿಯಿಂದ ಮೊಣಕೈವರೆಗೆ ಚರ್ಮ ಬಿರುಕು ಬಿಟ್ಟು ಬಿಳುಚಿತ್ತು, ಮೊಣಕೈ ದಾಟಿದ ಮೇಲೆ ಬೇರೆಯದೇ ಬಣ್ಣ. ಲ್ಯಾಬಿನವರು ನನ್ನ ಮುಖ ನೋಡಿದರು. ನಮ್ಮ ನಮೂನೆಯ ಮೊದಲ ಅಂಕಣ 'ಪಂಪು ಹೊರುವವನ ಹೆಸರು.' ಏಳನೆಯದರ ಮೇಲೆ ಅಷ್ಟು ಜಗಳ ಮಾಡಿದ ನಾನು ಮೊದಲನೆಯದನ್ನು ಒಮ್ಮೆಯೂ ಗಮನವಿಟ್ಟು ಓದಿರಲಿಲ್ಲ. ಹೆಂಗಸಾಗಿ ಹುಟ್ಟಿ, ಎರಡು ವರ್ಷ ಅವಳ ಡ್ರಮ್ಮಿನ ಪಕ್ಕದಲ್ಲೇ ನಿಂತು, ಅವಳಿಂದ ಕಾಗದ ನೆನೆಯದಂತೆ ಕಾಪಾಡಿಕೊಂಡಿದ್ದೆ.

"ಚುಚ್ರಿ," ಎಂದೆ.

ರಕ್ತದ ಹನಿ ಹಸಿರು ನೀರಿಗೆ ಬಿತ್ತು. ಕಾದೆವು. ಗಂಡನಿಗೆ ಕಾದದ್ದಕ್ಕಿಂತ ಹೆಚ್ಚು ಹೊತ್ತು ಕಾದೆವು, ಹಸಿರು ಬದಲಾಗಲಿಲ್ಲ. ಲ್ಯಾಬಿನವರು ತಟ್ಟೆ ತಿರುಗಿಸಿದರು. ಅರ್ಧದ ಗಾಜು ದಾಟಿತು, ಅದರ ಕೆಳಗಿನದಕ್ಕೆ ಬಂದು ನಿಂತಿತು.

"ಎಷ್ಟ ಉಳದೈತ್ರಿ?" ಎಂದು ಕೇಳಿದಳು, ನನ್ನನ್ನು.

ಲ್ಯಾಬಿನವರೇ ಹೇಳಿದರು: "ಗಂಡಗಿಂತ ಕಡಿಮಿ ಐತವ್ವಾ."

ಅವಳು ಹೂಂ ಎಂದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಕೊಡ ಎತ್ತಿಕೊಂಡು ಡ್ರಮ್ಮಿನ ಕಡೆ ಹೋದಳು.